ಎಚ್‌ಐವಿ ಇರುವ 13 ವರ್ಷದ ಹುಡುಗ ಮಾತ್ರೆ ನುಂಗದೆ ಬಚ್ಚಿಡುತ್ತಿದ್ದಾನೆ, ನಾನು ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತೀರಿಹೋದ ಅಕ್ಕನ ಮಗನನ್ನು ಒಂಬತ್ತು ವರ್ಷಗಳಿಂದ ಸಾಕುತ್ತಿದ್ದೀರಿ. ಹುಟ್ಟಿನಿಂದಲೇ ಎಚ್‌ಐವಿ ಸೋಂಕಿರುವ ಅವನಿಗೆ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಚಿಕಿತ್ಸೆ) ಮಾತ್ರೆಗಳನ್ನು ‘ರಕ್ತ ಕಡಿಮೆ ಇರುವುದಕ್ಕೆ’ ಎಂದು ಹೇಳಿಯೇ ಕೊಡುತ್ತ ಬಂದಿದ್ದೀರಿ. ಈಗ ಅವನು ಮಾತ್ರೆಗಳನ್ನು ಹಾಸಿಗೆಯಡಿ ಬಚ್ಚಿಡುತ್ತಿರುವುದು ಗೊತ್ತಾಗಿದೆ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಏರಿದೆ, ಸಿಟ್ಟಿನಲ್ಲಿ ಒಂದೆರಡು ಏಟು ಕೊಟ್ಟದ್ದೂ ಆಗಿದೆ. ಬಲವಂತ ಮಾಡಬೇಕೇ, ನಿಜ ಹೇಳಬೇಕೇ, ಹೇಳಿದರೆ ಹುಡುಗ ಕುಸಿದುಹೋಗುತ್ತಾನೆಯೇ ಎಂದು ಕೇಳಿದ್ದೀರಿ.

ನಾನು ಎಆರ್‌ಟಿ ಕೇಂದ್ರವೊಂದರಲ್ಲಿ 14 ವರ್ಷಗಳಿಂದ ಆಪ್ತ ಸಮಾಲೋಚಕಿಯಾಗಿದ್ದೇನೆ. ವೈದ್ಯೆಯಲ್ಲವಾದ್ದರಿಂದ ಔಷಧಿಯ ವಿಷಯದಲ್ಲಿ ನಾನು ಬರೆಯುವುದನ್ನು ನಿಮ್ಮ ವೈದ್ಯರ ಮುಂದಿಟ್ಟು ಖಚಿತಪಡಿಸಿಕೊಳ್ಳಿ. ಆದರೆ ಒಂದು ಮಾತನ್ನು ಅನುಭವದ ಬಲದಿಂದಲೇ ಹೇಳಬಲ್ಲೆ: ‘ಇವತ್ತು ನುಂಗಲಿಲ್ಲ’ ಎಂದು ಹೆದರದೆ ಹೇಳುವ ಧೈರ್ಯ ಮಗುವಿಗೆ ಮನೆಯಲ್ಲಿ ಸಿಗುವವರೆಗೆ ಬೇರೆ ಯಾವ ಉಪಾಯವೂ ಬಹಳ ದಿನ ನಿಲ್ಲುವುದಿಲ್ಲ.

ನಮ್ಮಲ್ಲಿಗೆ ಬರುತ್ತಿದ್ದ 11 ವರ್ಷದ ಹುಡುಗನೊಬ್ಬನ ತಂದೆ ಬಹಳ ಶಿಸ್ತಿನ ಮನುಷ್ಯ. ವಾರಕ್ಕೊಮ್ಮೆ ಡಬ್ಬಿ ತೆರೆದು ಮಾತ್ರೆ ಎಣಿಸುತ್ತಿದ್ದರು, ತಿಂಗಳ ಕೊನೆಗೆ ಖಾಲಿ ಡಬ್ಬಿಯನ್ನು ನಮ್ಮ ಮೇಜಿನ ಮೇಲಿಡುತ್ತಿದ್ದರು; ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ. ಆದರೂ ವೈರಲ್ ಲೋಡ್ ಸಾವಿರಗಳಲ್ಲಿತ್ತು. ಒಂದು ದಿನ ತಂದೆಯನ್ನು ಹೊರಗೆ ಕೂರಿಸಿ ಹುಡುಗನ ಜೊತೆ ಅರ್ಧ ಗಂಟೆ ಚಿತ್ರ ಬರೆಸುತ್ತ ಕುಳಿತೆ. ಕೊನೆಗೆ ತಲೆ ಎತ್ತದೆಯೇ, ಬಣ್ಣ ಹಚ್ಚುವುದನ್ನೂ ನಿಲ್ಲಿಸದೆ, ‘ಬಾತ್‌ರೂಮಲ್ಲಿ ಹಾಕಿ ನೀರು ಬಿಡ್ತೀನಿ ಮೇಡಂ’ ಎಂದ. ಬೇಡವಾದರೆ ಡಬ್ಬಿಯಲ್ಲೇ ಬಿಡಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಎರಡೇ ಪದ: ‘ಅಪ್ಪ ಎಣಿಸ್ತಾರೆ.’ ಆ ಎಣಿಕೆ ಅವನಿಗೆ ಮಾತ್ರೆ ನುಂಗುವುದನ್ನು ಕಲಿಸಿರಲಿಲ್ಲ, ಲೆಕ್ಕ ಸರಿತೂಗಿಸುವುದನ್ನು ಮಾತ್ರ ಕಲಿಸಿತ್ತು. ನಿಮ್ಮ ಹುಡುಗ ಇನ್ನೂ ಹಾಸಿಗೆಯಡಿ ಇಡುತ್ತಿದ್ದಾನೆ ಎಂದರೆ, ದಯವಿಟ್ಟು ನಂಬಿ, ಅದು ಒಳ್ಳೆಯ ಸೂಚನೆಯೇ; ಇನ್ನೆರಡು ಏಟು ಬಿದ್ದರೆ ಅವನೂ ನಿಮ್ಮ ಕಣ್ಣಿಗೆ ಬೀಳದ ಜಾಗವನ್ನು ಹುಡುಕಿಕೊಳ್ಳುತ್ತಾನೆ.

ಹೊಡೆದದ್ದಕ್ಕೆ ಅವನಲ್ಲಿ ಕ್ಷಮೆ ಕೇಳಿ. ಹಿರಿಯರು ಕಿರಿಯರಲ್ಲಿ ಕ್ಷಮೆ ಕೇಳುವುದು ನಮಗೆ ಅಭ್ಯಾಸವಿಲ್ಲ ಎಂಬುದು ನನಗೆ ಗೊತ್ತು. ‘ನಿನಗೇನಾದರೂ ಆಗಿಬಿಡುತ್ತದೆ ಎಂಬ ಹೆದರಿಕೆಯಲ್ಲಿ ಕೈ ಎತ್ತಿದೆ, ಅದು ತಪ್ಪು, ಇನ್ನು ಮುಂದೆ ಎತ್ತುವುದಿಲ್ಲ’ ಎಂಬಷ್ಟು ಸಾಕು. ಮುಂದಿನ ಮಾತುಗಳಿಗೆ ಅದರಿಂದಲೇ ದಾರಿ ತೆರೆದುಕೊಳ್ಳುತ್ತದೆ.

ಇನ್ನು ನಿಜ ಹೇಳುವ ವಿಷಯ. ಹೌದು, ಹೇಳಬೇಕು, ಮತ್ತು ಈಗಲೇ ತಡವಾಗಿದೆ. ಮಕ್ಕಳಿಗೆ ತಮ್ಮ ಸೋಂಕಿನ ವಿಷಯ ತಿಳಿಸುವ ಬಗ್ಗೆಯೇ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರತಂದಿತು. ಶಾಲೆಗೆ ಹೋಗುವ ವಯಸ್ಸಿನ, ಅಂದರೆ 6ರಿಂದ 12 ವರ್ಷದ ಮಕ್ಕಳಿಗೆ ವಿಷಯ ತಿಳಿಸಬೇಕು, ಅದಕ್ಕಿಂತ ಚಿಕ್ಕವರಿಗೆ ಅವರ ಗ್ರಹಿಕೆಗೆ ತಕ್ಕಂತೆ ಹಂತಹಂತವಾಗಿ ಹೇಳುತ್ತ ಬರಬೇಕು ಎಂಬುದು ಅದರ ಸಾರ. ಹೀಗೆ ಹೇಳುವುದಕ್ಕೆ ಕಾರಣವಿದೆ. 13ರ ಹುಡುಗನಿಗೆ ಅಕ್ಷರ ಗೊತ್ತು, ಫೋನು ಗೊತ್ತು, ಡಬ್ಬಿಯ ಮೇಲಿನ ಹೆಸರನ್ನು ಹುಡುಕಿ ನೋಡಲು ಅವನಿಗೆ ಒಂದು ನಿಮಿಷವೂ ಬೇಡ. ನಮ್ಮ ಕೇಂದ್ರದಲ್ಲಿ ನಾವು ‘ಇವತ್ತು ಹೇಳೋಣ’ ಎಂದು ಸಿದ್ಧರಾಗಿ ಕುಳಿತ ಎಷ್ಟೋ ಮಕ್ಕಳು ‘ನನಗೆ ಆಗಲೇ ಗೊತ್ತು’ ಎಂದಿದ್ದಾರೆ. ಕೆಲವರಿಗೆ ಎರಡು ವರ್ಷದಿಂದ ಗೊತ್ತಿತ್ತು. ಮನೆಯವರಿಗೆ ನೋವಾಗಬಾರದೆಂದು ಗೊತ್ತಿಲ್ಲದವರಂತೆ ಇದ್ದರು. ನಿಮ್ಮ ಹುಡುಗ ಮಾತ್ರೆ ಬಿಡಲು ಶುರುಮಾಡಿದ್ದು ಯಾವಾಗ ಎಂದು ಯೋಚಿಸಿ ನೋಡಿ. ಗೊತ್ತಾದ ಮೇಲೆಯೇ ಬಿಟ್ಟಿರಬಹುದು. ಅಥವಾ, ರಕ್ತ ಕಡಿಮೆ ಎನ್ನುವ ಕಾಯಿಲೆಗೆ, ಆಟದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ತಾನು ಯಾಕೆ ದಿನವೂ ಮಾತ್ರೆ ನುಂಗಬೇಕು ಎಂದು ಅವನಿಗೆ ಅನ್ನಿಸಿರಬಹುದು. ನೀವು ಹೇಳಿದ ಕಾರಣವನ್ನು ನಂಬಿಯೇ ನೋಡಿದರೆ ಅವನ ಯೋಚನೆಯಲ್ಲಿ ತಪ್ಪಿಲ್ಲ.

ಒಬ್ಬರೇ ಕುಳಿತು ಹೇಳಬೇಕಾಗಿಲ್ಲ. ನಿಮ್ಮ ಕೇಂದ್ರದ ಆಪ್ತ ಸಮಾಲೋಚಕರಿಗೆ ಮೊದಲೇ ತಿಳಿಸಿ, ಅವರ ಜೊತೆಯಲ್ಲಿ ಹೇಳಿ. ಪರೀಕ್ಷೆಯ ಹಿಂದಿನ ದಿನವೋ ಜಗಳವಾದ ದಿನವೋ ಬೇಡ. ‘ಈ ಮಾತ್ರೆ ಯಾಕೆ ಎಂದು ನಿನಗೆ ಏನನ್ನಿಸುತ್ತದೆ?’ ಎಂಬ ಪ್ರಶ್ನೆಯಿಂದ ಶುರುಮಾಡಿ, ಅವನು ಏನು ಹೇಳುತ್ತಾನೋ ಅಲ್ಲಿಂದ ಮುಂದುವರಿಯಿರಿ. ‘ಎಚ್‌ಐವಿ’ ಎಂಬ ಪದವನ್ನು ನುಂಗಿಕೊಳ್ಳಬೇಡಿ, ಪಿಸುಗುಟ್ಟಬೇಡಿ. ನೀವು ಆ ಪದವನ್ನು ಹೇಳುವ ರೀತಿಯಲ್ಲೇ ಅದು ನಾಚಿಕೆಯ ವಿಷಯವೋ ಅಲ್ಲವೋ ಎಂಬುದನ್ನು ಮಗು ಕಲಿಯುತ್ತದೆ. ಇಷ್ಟು ವರ್ಷ ಬೇರೆ ಕಾರಣ ಹೇಳಿದ್ದು ನಿಜ, ನೀನು ಚಿಕ್ಕವನಿದ್ದೆ, ಹೇಗೆ ಹೇಳಬೇಕೆಂದು ನಮಗೆ ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳಿ.

ಅವನು ಕೇಳಬಹುದಾದ ಪ್ರಶ್ನೆಗಳಲ್ಲಿ ಅತ್ಯಂತ ಕಷ್ಟದ್ದು ‘ಅಮ್ಮನೇ ನನಗೆ ಇದನ್ನು ಕೊಟ್ಟಳಾ?’ ಎಂಬುದು. ಅಕ್ಕನನ್ನು ಕಳೆದುಕೊಂಡ ನಿಮಗೆ ಇದು ಹೆಚ್ಚೇ ಚುಚ್ಚುತ್ತದೆ, ಆದ್ದರಿಂದ ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ಸಿದ್ಧಪಡಿಸಿಕೊಳ್ಳಿ. ವೈರಸ್ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಿಂದ ತಾಯಿಯಿಂದ ಮಗುವಿಗೆ ದಾಟಬಹುದು; ಯಾವ ತಾಯಿಯೂ ಅದನ್ನು ಬಯಸಿ ಕೊಡುವುದಿಲ್ಲ; ತನಗಿದೆ ಎಂಬುದೇ ಗೊತ್ತಿಲ್ಲದ ತಾಯಂದಿರು ಎಷ್ಟೋ ಮಂದಿ. ಹೀಗೆ ಹೇಳಿದ ಮೇಲೂ ಅವನಿಗೆ ತಾಯಿಯ ಮೇಲೆ ಸಿಟ್ಟು ಬಂದರೆ ಬರಲಿ. ‘ಸತ್ತವಳ ಬಗ್ಗೆ ಹಾಗೆ ಮಾತಾಡಬೇಡ’ ಎಂದು ಬಾಯಿ ಮುಚ್ಚಿಸಿದರೆ ಆ ಸಿಟ್ಟು ಮಾತ್ರೆಯ ಮೇಲೆ ತಿರುಗುತ್ತದೆ.

ಒಂದೆರಡು ಮಾತ್ರೆ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕು, ಹೆದರಿಸುವುದಕ್ಕಲ್ಲ, ವಿಜ್ಞಾನವಾಗಿ. ಔಷಧಿಯು ವೈರಸ್ಸನ್ನು ದೇಹದಿಂದ ಓಡಿಸುವುದಿಲ್ಲ, ಅದು ತನ್ನ ಪ್ರತಿಗಳನ್ನು ಮಾಡಿಕೊಳ್ಳದಂತೆ ತಡೆದು ಹಿಡಿಯುತ್ತದೆ. ರಕ್ತದಲ್ಲಿ ಔಷಧಿಯ ಮಟ್ಟ ಇಳಿದಾಗ ವೈರಸ್ ಮತ್ತೆ ಪ್ರತಿ ಮಾಡಲು ತೊಡಗುತ್ತದೆ, ಅದೂ ತಪ್ಪುತಪ್ಪಾಗಿ. ಆ ತಪ್ಪು ಪ್ರತಿಗಳಲ್ಲಿ ಯಾವುದೋ ಒಂದಕ್ಕೆ ಔಷಧಿ ತಾಗದೇ ಹೋದರೆ ಅದೇ ಬೆಳೆದು ಹಬ್ಬುತ್ತದೆ. ಇದನ್ನೇ ಔಷಧಿ ನಿರೋಧಕತೆ ಎನ್ನುತ್ತಾರೆ. ಹಾಗಾಗಿ ಪೂರ್ತಿ ಬಿಡುವುದಷ್ಟೇ ಅಲ್ಲ, ಎರಡು ದಿನ ನುಂಗಿ ಎರಡು ದಿನ ಬಿಡುವುದೂ ಅಪಾಯವೇ. ಹಾಗೆಂದು ವೈರಲ್ ಲೋಡ್ ಏರಿದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಅದು ಒಂದು ಮಿಲಿಲೀಟರಿಗೆ 1000 ವೈರಸ್ ಪ್ರತಿಗಳನ್ನು ದಾಟಿದರೆ ಸಾಮಾನ್ಯವಾಗಿ ಕೆಲವು ವಾರ ಹತ್ತಿರದಿಂದ ಸಮಾಲೋಚನೆ ಮಾಡಿ, ಮೂರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಂಡ ಬಳಿಕ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಡೊಲುಟೆಗ್ರಾವಿರ್ ಇರುವ ಮಾತ್ರೆಯಾಗಿದ್ದರೆ ಅದಕ್ಕೆ ನಿರೋಧಕತೆ ಅಷ್ಟು ಸುಲಭವಾಗಿ ಬೆಳೆಯುವುದಿಲ್ಲವಾದ್ದರಿಂದ, ಮಾತ್ರೆ ಮತ್ತೆ ಕ್ರಮಕ್ಕೆ ಬಂದೊಡನೆ ವೈರಸ್ ಹಿಡಿತಕ್ಕೆ ಬರುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಅವನು ಯಾಕೆ ನುಂಗುತ್ತಿಲ್ಲ ಎಂಬುದಕ್ಕೆ ತೀರಾ ಸರಳವಾದ ದೈಹಿಕ ಕಾರಣವೂ ಇರಬಹುದು, ಅದನ್ನು ಕೇಳದೆ ಬಿಡಬೇಡಿ. ಎಫಾವಿರೆನ್ಜ್ ಇರುವ ಮಾತ್ರೆಯಿಂದ ಕೆಲವರಿಗೆ ಕೆಟ್ಟ ಕನಸು, ತಲೆಸುತ್ತು ಬರುತ್ತದೆ. ರಾತ್ರಿಯೆಂದರೆ ಹೆದರುವ ಮಗು ಮಾತ್ರೆಗೂ ಹೆದರುತ್ತದೆ. ಮಾತ್ರೆ ದಪ್ಪವಾಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿರಬಹುದು. ಹಾಗಿದ್ದರೆ ಬಿಡುವಿನ ದಿನ, ಔಷಧಿಯ ಹೊತ್ತಲ್ಲದ ಹೊತ್ತಿನಲ್ಲಿ, ಸಾಸಿವೆಯಷ್ಟು ಸಣ್ಣ ಮಿಠಾಯಿಯ ಕಾಳಿನಿಂದ ಶುರುಮಾಡಿ ಸ್ವಲ್ಪಸ್ವಲ್ಪ ದೊಡ್ಡದಕ್ಕೆ ಹೋಗುತ್ತ ನುಂಗುವ ಅಭ್ಯಾಸ ಮಾಡಿಸಬಹುದು. ವೈದ್ಯರನ್ನು ಕೇಳದೆ ಮಾತ್ರೆಯನ್ನು ಪುಡಿ ಮಾಡಬೇಡಿ. ಲೋಪಿನಾವಿರ್ ಮತ್ತು ರಿಟೊನಾವಿರ್ ಸೇರಿದ ಮಾತ್ರೆಯನ್ನು ಪುಡಿ ಮಾಡಿದರೆ ದೇಹಕ್ಕೆ ಸೇರುವ ಔಷಧಿ ಬಹಳ ಕಡಿಮೆಯಾಗುತ್ತದೆ. ಅವನ ತೂಕ 30 ಕಿಲೋ ದಾಟಿದ್ದರೆ, ದಿನಕ್ಕೆ ಒಂದೇ ಸಲ ಒಂದೇ ಮಾತ್ರೆ ಸಾಕಾಗುವ ಔಷಧಿ ಅವನಿಗೆ ಆಗುತ್ತದೆಯೇ ಎಂದು ಕೇಳಿ. ಎರಡು ಹೊತ್ತಿನ ಮಾತ್ರೆಯಿಂದ ಒಂದು ಹೊತ್ತಿನದಕ್ಕೆ ಬಂದದ್ದರಿಂದಲೇ ಸರಿಹೋದ ಮಕ್ಕಳಿದ್ದಾರೆ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಲಿ, ಆದರೆ ಮರೆತದ್ದನ್ನು ಸೇರಿಸಿ ಎರಡು ಪಾಲು ಒಟ್ಟಿಗೆ ಬೇಡ.

ಗುಟ್ಟು ಬಯಲಾಗುವ ಭಯ ಮಾತ್ರ ಇದಕ್ಕೆಲ್ಲ ಮಿಗಿಲು. ಹಾಸ್ಟೆಲಿನಲ್ಲಿದ್ದ 15ರ ಹುಡುಗಿಯೊಬ್ಬಳು ತನ್ನ ಡಬ್ಬಿಯನ್ನು ನನ್ನ ಮುಂದೆ ತೆರೆದಾಗ ಒಳಗೆ ಹತ್ತಿ ತುಂಬಿತ್ತು. ಬ್ಯಾಗು ಎತ್ತಿದಾಗ ಮಾತ್ರೆಗಳು ಗಲಗಲ ಎನ್ನಬಾರದೆಂದು ಹತ್ತಿ ಒತ್ತಿದ್ದಳು. ಕೋಣೆಯಲ್ಲಿ ಎಲ್ಲರೂ ಮಲಗುವವರೆಗೆ ಕಾಯುತ್ತಿದ್ದಳು, ಕಾಯುತ್ತ ತಾನೂ ನಿದ್ದೆಹೋಗುತ್ತಿದ್ದಳು. ವಾರದಲ್ಲಿ ಮೂರು ದಿನ ಮಾತ್ರೆ ತಪ್ಪುತ್ತಿದ್ದದ್ದು ಹೀಗೆ. ಅವಳನ್ನು ‘ಬೇಜವಾಬ್ದಾರಿ’ ಎಂದು ಹಿಂದಿನ ಭೇಟಿಯಲ್ಲಿ ಬೈದಿದ್ದೆವು ಎಂಬುದು ನೆನಪಾದರೆ ಇಂದಿಗೂ ಸಂಕಟವಾಗುತ್ತದೆ. ವೈದ್ಯರು ಮಾತ್ರೆಯ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿದರು, ಆ ದಿನಕ್ಕೆ ಬೇಕಾದ ಒಂದನ್ನು ಮಾತ್ರ ಹೆಸರಿಲ್ಲದ ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಳ್ಳುವಂತೆ ಮಾಡಿದೆವು, ಅಷ್ಟಕ್ಕೇ ಅರ್ಧ ಸಮಸ್ಯೆ ಕಳೆಯಿತು. ನಿಮ್ಮ ಹುಡುಗನ ದಿನವನ್ನು ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಅವನ ಬಾಯಲ್ಲೇ ಕೇಳಿ, ಯಾವ ಹೊತ್ತು ತನಗೆ ಸಲೀಸು ಎಂದು ಅವನೇ ಆರಿಸಲಿ. ಮೊಬೈಲಿನ ಅಲಾರಂ ಒಳ್ಳೆಯದೇ, ಆದರೆ ಅದು ಮರೆವಿಗೆ ಮದ್ದೇ ಹೊರತು ಭಯಕ್ಕಲ್ಲ.

ತನ್ನಂಥವರು ಬೇರೆ ಇದ್ದಾರೆ ಎಂಬುದು ಗೊತ್ತಾದಾಗ ಈ ವಯಸ್ಸಿನ ಮಕ್ಕಳಲ್ಲಿ ಆಗುವ ಬದಲಾವಣೆಯನ್ನು ನಾವು ಹಿರಿಯರು ಯಾರೂ ತರಲಾರೆವು. ಜಿಂಬಾಬ್ವೆಯಲ್ಲಿ 2004ರಲ್ಲಿ ಶುರುವಾದ ‘ಜ್ವಾಂದಿರಿ’ ಎಂಬ ಕಾರ್ಯಕ್ರಮದಲ್ಲಿ ಎಚ್‌ಐವಿ ಇರುವ 18ರಿಂದ 24 ವರ್ಷದ ಯುವಜನರೇ ತರಬೇತಿ ಪಡೆದು, ತಮಗಿಂತ ಕಿರಿಯ ಸೋಂಕಿತರ ಮನೆಗಳಿಗೆ ಹೋಗಿ ಜೊತೆಯಾಗುತ್ತಾರೆ. ಶೋನಾ ಭಾಷೆಯ ಆ ಹೆಸರಿಗೆ ‘ನಾನು ಇರುವಂತೆಯೇ’ ಎಂದು ಅರ್ಥ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂತಹ ಜೊತೆಗಾರರಿದ್ದ ಗುಂಪಿನಲ್ಲಿ ವೈರಸ್ ಹತೋಟಿ ತಪ್ಪಿದವರು ಅಥವಾ ತೀರಿಕೊಂಡವರು ಶೇಕಡ 25 ಇದ್ದರೆ, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಅದು ಶೇಕಡ 36 ಆಗಿತ್ತು. ನಿಮ್ಮ ಕೇಂದ್ರದಲ್ಲಿ ಹದಿಹರೆಯದವರ ಗುಂಪು ಇದೆಯೇ ಎಂದು ವಿಚಾರಿಸಿ; ಇಲ್ಲದಿದ್ದರೆ, ಒಪ್ಪುವ ಒಬ್ಬ ದೊಡ್ಡ ಹುಡುಗನನ್ನಾದರೂ ಪರಿಚಯಿಸಿಕೊಡಿ ಎಂದು ಕೇಳಿ.

ನಿಜ ತಿಳಿದ ಮೇಲೆ, ಇವತ್ತಲ್ಲದಿದ್ದರೆ ಇನ್ನೆರಡು ವರ್ಷಕ್ಕೆ, ‘ನನಗೆ ಮದುವೆ ಆಗುತ್ತದಾ?’ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಏಳುತ್ತದೆ. ಬಾಯಿಬಿಟ್ಟು ಕೇಳದಿದ್ದರೂ ನೀವಾಗಿ ಹೇಳಿ. ಮಾತ್ರೆಯಿಂದ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಒಬ್ಬರಿಗೆ ಮಾತ್ರ ಸೋಂಕಿರುವ ಜೋಡಿಗಳ ಮೇಲೆ ನಡೆದು, 2016 ಮತ್ತು 2019ರಲ್ಲಿ ಪ್ರಕಟವಾದ ‘ಪಾರ್ಟ್ನರ್’ ಎಂಬ ಅಧ್ಯಯನಗಳಲ್ಲಿ ಹೀಗೆ ದಾಟಿದ ಒಂದೇ ಒಂದು ಪ್ರಕರಣವೂ ಸಿಗಲಿಲ್ಲ. ಮದುವೆಯಾಗಬಹುದು, ಸೋಂಕಿಲ್ಲದ ಮಕ್ಕಳನ್ನು ಪಡೆಯಬಹುದು. ‘ಮಾತ್ರೆ ಬಿಟ್ಟರೆ ಸಾಯುತ್ತೀಯ’ ಎಂಬ ಮಾತಿಗಿಂತ ಈ ಮಾತಿಗೆ ಹದಿಹರೆಯದವರು ಹೆಚ್ಚು ಬೆಲೆ ಕೊಡುತ್ತಾರೆ.

ವಿಷಯ ತಿಳಿದ ಮೊದಲ ವಾರಗಳಲ್ಲಿ ಅವನು ಸುಮ್ಮನಾಗಬಹುದು, ಅಳಬಹುದು, ಸಿಡುಕಬಹುದು, ಅದು ಸಹಜ. ಆದರೆ ಊಟ ನಿದ್ದೆ ಬಿಟ್ಟು, ‘ಇದ್ದು ಏನು ಪ್ರಯೋಜನ’ ಎಂಬಂಥ ಮಾತಾಡಿದರೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ, ಮುಂದಿನ ಭೇಟಿಯ ತಾರೀಖಿಗೆ ಕಾಯಬೇಡಿ. ಜವಾಬ್ದಾರಿಯನ್ನೂ ಒಮ್ಮೆಗೇ ಅವನ ಹೆಗಲಿಗೆ ಹಾಕಬೇಡಿ. ಕೆಲವು ತಿಂಗಳು ನೀವು ಕೊಡಿ, ಅವನು ನಿಮ್ಮೆದುರು ನುಂಗಲಿ. ಆಮೇಲೆ ಅವನೇ ತೆಗೆದುಕೊಳ್ಳಲಿ, ನೀವು ನೋಡುತ್ತಿರಿ. ಒಂಟಿಯಾಗಿ ನಿಭಾಯಿಸುವುದು ಅದರ ನಂತರದ ಮಾತು. 13ರ ಹುಡುಗ ನೋಡಲು ದೊಡ್ಡವನಂತೆ ಕಂಡರೂ ಇದರಲ್ಲಿ ಇನ್ನೂ ಮಗುವೇ.

ಹಾಸಿಗೆಯಡಿ ಸಿಕ್ಕ ಮಾತ್ರೆಗಳನ್ನು ಎಸೆಯಬೇಡಿ. ಎಣಿಸಿ, ಒಂದು ಕವರಿನಲ್ಲಿ ಹಾಕಿ ಈ ವಾರವೇ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ಎಷ್ಟು ದಿನದಿಂದ, ಎಷ್ಟು ಸಲ ತಪ್ಪಿದೆ ಎಂಬ ಅಂದಾಜು ವೈದ್ಯರಿಗೆ ಅದರಿಂದಲೇ ಸಿಗುತ್ತದೆ. ಹೋಗುವ ಮೊದಲು ಹುಡುಗನಿಗೆ ತಿಳಿಸಿ, ಅವನ ಬೆನ್ನ ಹಿಂದೆ ಒಯ್ಯಬೇಡಿ. ಅಲ್ಲಿಗೆ ಹೋದ ಮೇಲೆ ಸಮಾಲೋಚಕರ ಕೋಣೆಯಲ್ಲಿ ಹದಿನೈದು ನಿಮಿಷ ಅವನೊಬ್ಬನನ್ನೇ ಬಿಟ್ಟು ನೀವು ಹೊರಗೆ ಕುಳಿತುಕೊಳ್ಳಿ, ಮತ್ತು ಅವನು ಹೊರಬಂದಾಗ ಒಳಗೆ ಏನು ಹೇಳಿದೆ ಎಂದು ಕೇಳಬೇಡಿ.