ಹೊಗೆ ಅಲಾರಂ ಬೆಳಗಿನ ಜಾವಕ್ಕೇ ಯಾಕೆ ‘ಕೀಕ್’ ಅನ್ನುತ್ತೆ? ಹಗಲಲ್ಲಿ ಸುಮ್ನೆ ಇರುತ್ತಲ್ವಾ?

ಬ್ಯಾಟರಿ ಮುಗಿಯುತ್ತಾ ಬಂದಿದೆ, ಅದಕ್ಕೇ. ನಿಮಿಷಕ್ಕೊಮ್ಮೆ ಬರುವ ಆ ಸಣ್ಣ ಸದ್ದು ಬೆಂಕಿಯ ಎಚ್ಚರಿಕೆಯಲ್ಲ. ಹೊಗೆ ಕಂಡರೆ ಅಲಾರಂ ಬಿಡದೆ ಜೋರಾಗಿ ಕೂಗುತ್ತದೆ.

ಬೆಳಗಿನ ಜಾವ ಮನೆ ಜಾಸ್ತಿ ತಣ್ಣಗಿರುತ್ತದೆ. ಆಗ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಅದು ಕೊಡುವ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. ಹೊಸ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಸೋತ ಬ್ಯಾಟರಿ ಮಾತ್ರ ಅಲಾರಂಗೆ ಬೇಕಾದ ಮಟ್ಟಕ್ಕಿಂತ ಕೆಳಗೆ ಜಾರುತ್ತದೆ. ಬಿಸಿಲೇರಿ ಮನೆ ಬೆಚ್ಚಗಾದರೆ ವೋಲ್ಟೇಜ್ ಮತ್ತೆ ಮೇಲೇರಿ ಸದ್ದು ನಿಲ್ಲುತ್ತದೆ. ಸರಿಹೋಯ್ತು ಅಂತ ಬಿಟ್ಟುಬಿಡಬೇಡಿ.

ನಿದ್ದೆಗಣ್ಣಲ್ಲಿ ಬ್ಯಾಟರಿ ಕಿತ್ತಿಟ್ಟು ಮಲಗುವುದಂತೂ ದಯವಿಟ್ಟು ಬೇಡ. ಮಲಗಿದ್ದಾಗ ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಅಂತ ನಂಬುವ ಹಾಗಿಲ್ಲ. ಹೊಸ ಬ್ಯಾಟರಿ ಹಾಕಿ, ಟೆಸ್ಟ್ ಬಟನ್ ಒತ್ತಿ ಸದ್ದು ಕೇಳಿ. ಮನೆಯ ವೈರಿಂಗ್‌ಗೆ ಜೋಡಿಸಿದ ಅಲಾರಂನಲ್ಲೂ ಕರೆಂಟ್ ಹೋದಾಗ ಬೇಕಾಗುತ್ತದೆಂದು ಸಾಮಾನ್ಯವಾಗಿ ಒಂದು ಬ್ಯಾಟರಿ ಇರುತ್ತದೆ, ಅದನ್ನೂ ನೋಡಿ.

ಆಮೇಲೂ ‘ಕೀಕ್’ ನಿಲ್ಲದಿದ್ದರೆ ಅಲಾರಂ ಬಿಚ್ಚಿ, ಹಿಂಬದಿಯಲ್ಲಿರುವ ತಯಾರಿಕೆಯ ದಿನಾಂಕ ಓದಿ. 10 ವರ್ಷ ದಾಟಿದ್ದರೆ ಇಡೀ ಅಲಾರಂ ಬದಲಿಸಿ, ಒಳಗಿನ ಸೆನ್ಸರ್‌ಗೂ ವಯಸ್ಸಾಗಿರುತ್ತದೆ.