ಹಳೆಯ ಗಾಡಿ ಮಾರುವಾಗ ಬಾಕಿ ಹಣಕ್ಕೆ ಚೆಕ್ ಪಡೆಯುವುದು ಒಳ್ಳೆಯದೋ, ಆನ್‌ಲೈನ್ ವರ್ಗಾವಣೆಯೋ?

ಮುಂಗಡ ಬಂದಿದೆ, ಕೊಳ್ಳುವವರು ಭಾನುವಾರ ಬಂದು ಗಾಡಿ ಒಯ್ಯುತ್ತಾರೆ ಎಂದು ನೀವು ಬರೆದಿದ್ದೀರಿ. ನನಗೂ ಮುಂಗಡ ಸರಿಯಾಗಿಯೇ ಬಂದಿತ್ತು. 2021ರ ಮಳೆಗಾಲದಲ್ಲಿ, ತೀರ್ಥಹಳ್ಳಿಯಿಂದ ಒಳಗಿರುವ ನಮ್ಮ ಮನೆಯ ಓಮ್ನಿಯನ್ನು ಮಾರಲು ಆನ್‌ಲೈನ್‌ನಲ್ಲಿ ಫೋಟೊ ಹಾಕಿದ್ದೆ. 1,45,000 ರೂಪಾಯಿಗೆ ಮಾತು ಮುಗಿದು, ಯುಪಿಐ ಮೂಲಕ 10,000 ರೂಪಾಯಿ ಕೈಸೇರಿದ ಮೇಲೆ ನನ್ನ ಅನುಮಾನವೆಲ್ಲ ಕರಗಿಹೋಯಿತು. ಶನಿವಾರ ಸಂಜೆ ಇಬ್ಬರು ಬಂದರು. ಯುಪಿಐಗೆ ದಿನಕ್ಕೆ ಸಾಮಾನ್ಯವಾಗಿ 1 ಲಕ್ಷದ ಮಿತಿ ಇರುವುದರಿಂದ ಉಳಿದದ್ದನ್ನು ನೆಫ್ಟ್ (ಬ್ಯಾಂಕ್ ಖಾತೆಯಿಂದ ಖಾತೆಗೆ ವರ್ಗಾವಣೆ) ಮಾಡುತ್ತೇವೆ ಎಂದಾಗ ಅದು ಸಹಜವೆನಿಸಿತು. ಜಗಲಿಯಲ್ಲಿ ಕುಳಿತು, ಮೊಬೈಲಿನ ಮೇಲಿನ ಮಳೆಹನಿಯನ್ನು ಅಂಗಿಯ ತುದಿಯಿಂದ ಒರೆಸಿ ನನ್ನತ್ತ ಹಿಡಿದರು. ಹಸಿರು ಗುರುತು, ನನ್ನ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ, ಮೊತ್ತ, ಎಲ್ಲವೂ ಇದ್ದವು.

ನಾನು ತಪ್ಪಿದ್ದು ಇಲ್ಲಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ತೋಟದ ಮೇಲಿನ ದರೆ ಹತ್ತಿ ರಸ್ತೆಗೆ ಹೋಗಬೇಕು, ಹತ್ತು ನಿಮಿಷದ ದಾರಿ. ಆ ಮಳೆಯಲ್ಲಿ ಅಲ್ಲಿಗೆ ಹೋಗಿ ನನ್ನ ಖಾತೆಯನ್ನು ನೋಡುವ ಬದಲು ಅವರ ಮೊಬೈಲನ್ನು ನೋಡಿ ಒಪ್ಪಿಕೊಂಡೆ. ನೆಫ್ಟ್ ವರ್ಗಾವಣೆಗಳನ್ನು ಅರ್ಧ ಗಂಟೆಗೊಮ್ಮೆ ಒಟ್ಟುಗೂಡಿಸಿ ಜಮೆ ಮಾಡುತ್ತಾರೆ ಎಂಬುದು ಗೊತ್ತಿದ್ದರಿಂದ, ತಡವಾದರೂ ಬರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರ ಮೊಬೈಲು, ಅದರಲ್ಲಿ ತೋರುವುದು ನಿಜವೇ ಆಗಿದ್ದರೂ, ಹಣ ಹೊರಟಿದೆ ಎಂದಷ್ಟೇ ಹೇಳಬಲ್ಲದು. ಹಣ ಬಂದಿದೆಯೇ ಎಂಬುದನ್ನು ಹೇಳುವುದು ನನ್ನ ಖಾತೆ ಮಾತ್ರ. ಇಷ್ಟನ್ನು ಮರೆತು ಗಾಡಿಯ ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಆರ್‌ಸಿಯನ್ನೂ ಎರಡೂ ಕೀಗಳನ್ನೂ ಕೊಟ್ಟುಬಿಟ್ಟೆ. ಅವರು ತೋರಿಸಿದ ಯುಟಿಆರ್ ಸಂಖ್ಯೆಯ (ಪ್ರತಿ ವರ್ಗಾವಣೆಗೂ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ವರ್ಗಾವಣೆಯೇ ಇಲ್ಲವೆಂದು ಬ್ಯಾಂಕಿನವರು ಹೇಳಿದ್ದು ಸೋಮವಾರ. ಪೊಲೀಸರಿಗೆ ದೂರು ಕೊಟ್ಟೆ, ಗಾಡಿಯೂ ಸಿಗಲಿಲ್ಲ, ಹಣವೂ ಸಿಗಲಿಲ್ಲ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದು ತಿಳಿದ ಮೇಲೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

ಆದ್ದರಿಂದ ಚೆಕ್ಕೋ ಆನ್‌ಲೈನೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಾಡಿ ಅಂಗಳ ದಾಟುವಾಗ ಬಾಕಿ ಎಂಬುದೇ ಇರಬಾರದು. ಚೆಕ್ ಕೊಟ್ಟರೆ ಅದು ಕ್ಲಿಯರ್ ಆಗುವವರೆಗೆ ಗಾಡಿ ನಿಮ್ಮಲ್ಲೇ ಇರಲಿ. ಬೌನ್ಸ್ ಆದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಅಡಿ ಕೇಸು ಹಾಕಬಹುದು ನಿಜ, ಆದರೆ ಕೋರ್ಟಿಗೆ ಅಲೆಯಬೇಕಾದವರು ನೀವು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಪಿನ್ ಹಾಕಿ ಎಂದವರೊಡನೆ ಮಾತೇ ಬೇಡ. ಬ್ಯಾಂಕ್ ತೆರೆದಿರುವ ದಿನ ಅವರನ್ನು ನಿಮ್ಮ ಶಾಖೆಗೇ ಕರೆಸಿ, ಹಣ ಜಮೆಯಾಗಿದೆ ಎಂದು ಕೌಂಟರಿನಲ್ಲಿ ಕೇಳಿಕೊಂಡು, ಅಲ್ಲಿಯೇ ಸಹಿ ಹಾಕಿ. ಗಾಡಿ ಮಾರಿದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ಮೋಸವೆಂದು ಗೊತ್ತಾದರೆ ನನ್ನಂತೆ ಸೋಮವಾರಕ್ಕೆ ಕಾಯದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಭಾನುವಾರವೇ ಬರುತ್ತೇವೆ ಎಂದು ಅವರು ಹಟ ಹಿಡಿದರೆ ಮುಂಗಡವನ್ನು ಹಿಂದಿರುಗಿಸಿಬಿಡಿ.