ಎಚ್-4 ಇಎಡಿ: ರಸೀದಿ ಇದ್ದರೂ ಕೆಲಸ ಯಾಕೆ ನಿಲ್ಲಿಸಬೇಕು?

ನಿಮ್ಮ ಎಚ್-4 ಇಎಡಿ (ಅಮೆರಿಕದಲ್ಲಿ ಎಚ್-1ಬಿ ವೀಸಾದವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಕಾರ್ಡ್ ಮುಗಿಯುವ ಮೊದಲೇ ರಿನ್ಯೂವಲ್ ಹಾಕಿ ರಸೀದಿ ಬಂದಿದ್ದರೂ ಎಚ್‌ಆರ್ ಕೆಲಸ ನಿಲ್ಲಿಸಿ ಅನ್ನುತ್ತಿರುವುದು ಯಾಕೆ ಅಂತ ಕೇಳಿದ್ದೀರಿ. ಬಹುಶಃ ಅರ್ಜಿಯ ದಿನಾಂಕವೇ ಕಾರಣ. 2025ರ ಅಕ್ಟೋಬರ್ 30 ಅಥವಾ ಆಮೇಲೆ ಹಾಕಿದ ರಿನ್ಯೂವಲ್‌ಗೆ ತಾನಾಗಿ ಸಿಗುತ್ತಿದ್ದ 540 ದಿನಗಳ ವಿಸ್ತರಣೆ ಇಲ್ಲ. ಗಂಡನ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿದ್ದರೂ ಅಷ್ಟೇ.

ಮೊದಲು ರಸೀದಿಯಲ್ಲಿ ಅರ್ಜಿ ತಲುಪಿದ ದಿನಾಂಕ ನೋಡಿ. ನೀವು ಅದನ್ನು ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಅಕ್ಟೋಬರ್ 30ಕ್ಕಿಂತ ಹಿಂದಿನದಾದರೆ ರಸೀದಿ, ಹಳೇ ಕಾರ್ಡ್, ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನೋ ದಾಖಲೆ) ಮೂರನ್ನೂ ಎಚ್‌ಆರ್‌ಗೆ ತೋರಿಸಿ. ಆಗಲೂ ಕೆಲಸ ಮಾಡಬಹುದಾದದ್ದು ಐ-94 ಅಥವಾ ಆ 540 ದಿನ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಮಾತ್ರ.

ಈಚಿನದಾದರೆ ಹೊಸ ಕಾರ್ಡ್ ಬರುವವರೆಗೆ ದಯವಿಟ್ಟು ಕೆಲಸ ಮಾಡಬೇಡಿ, ಮನೆಯಿಂದಲೂ ಬೇಡ. ಕೆಲವು ವಾರದ ಸಂಬಳಕ್ಕೆ ಗ್ರೀನ್ ಕಾರ್ಡ್‌ಗೆ ತೊಂದರೆ ಮಾಡಿಕೊಳ್ಳಬಾರದು ಅಲ್ವಾ? ರಾಜೀನಾಮೆ ಕೊಡಬೇಡಿ, ಸಂಬಳವಿಲ್ಲದ ರಜೆ ಕೇಳಿ. ನನ್ನ ಕೆಲಸ ಉಳಿದದ್ದು ಹಾಗೇ. ಮನೆ ಖರ್ಚಿಗೆ ನಿಜವಾಗಿ ಕಷ್ಟವಾದರೆ ದಾಖಲೆ ಸಮೇತ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ಎಕ್ಸ್‌ಪಿಡೈಟ್ (ಬೇಗ ತೀರ್ಮಾನಿಸಿ ಅನ್ನೋ) ಕೋರಿಕೆ ಹಾಕಿ. ಒಪ್ಪುತ್ತಾರೆ ಅನ್ನೋ ಗ್ಯಾರಂಟಿ ಇಲ್ಲ.